ಮೊಸರು ಕೆಟ್ಟದ್ದು ಯಾರ ಕೈಗುಣದಿಂದ?

ಧಾರವಾಡದ ಮಳೆಗಾಲವೆಂದರೆ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಮತ್ತು ಬೆಳಗಾದರೂ ಹೆಪ್ಪಾಗದ ಮೊಸರು. ರಾತ್ರಿ ಹೆಪ್ಪು ಹಾಕಿ ಮುಚ್ಚಿಟ್ಟ ಬೋಗಾಣಿಯಲ್ಲಿ ಬೆಳಿಗ್ಗೆಯೂ ಹಾಲೇ ಇರುತ್ತದೆ. ಇಲ್ಲವೆ ಮೊಸರೇನೋ ಆಗಿರುತ್ತದೆ, ಆದರೆ ಚಮಚ ಎತ್ತಿದರೆ ಅಂಟಿನ ಹಾಗೆ ಎಳೆ ಎಳೆಯಾಗಿ ಜೊತೆಗೇ ಮೇಲೇಳುತ್ತದೆ. ‘ಇದೇನವ್ವಾ, ಮಸರು ನೂಲ ಬಂದೈತಲ್ಲಾ’ ಎಂದು ಅತ್ತೆ ಸೊಸೆಯತ್ತ ನೋಡುತ್ತಾರೆ. ‘ಹಾಲ ಸರಿ ಇದ್ದಿದ್ದಿಲ್ರೀ ಅತ್ತಿ’ ಎಂದು ಸೊಸೆ ಹಾಲಿನವನ ಮೇಲೆ ಹಾಕುತ್ತಾಳೆ. ಮರುದಿನ ಹಾಲಿನವನು ತನ್ನ ಎಮ್ಮೆಯ ಮೇಲೆ ಆಣೆ ಮಾಡಿ ಹೋಗುತ್ತಾನೆ. ಕೊನೆಗೆ ಉಳಿಯುವುದು ಒಂದೇ ವಿವರಣೆ: ಕೈಗುಣ.

ಕೈಗುಣ ಎಂಬುದು ಪೂರಾ ಸುಳ್ಳಲ್ಲ. ಹಾಲಿನಲ್ಲಿ ಬೆರಳದ್ದಿ ‘ಈಗ ಹಾಕಬಹುದು’ ಎಂದು ನಿರ್ಧರಿಸುವ ಅಜ್ಜಿಯ ಕೈಯಲ್ಲಿ ಒಂದು ಥರ್ಮಾಮೀಟರೇ ಇದೆ. ಆದರೆ ಮೊಸರು ಕೆಟ್ಟಾಗ ಈ ಮಾತು ಬಳಕೆಯಾಗುವ ರೀತಿಯೇ ಬೇರೆ. ಬೈಸಿಕೊಳ್ಳುವವರು ಸಾಮಾನ್ಯವಾಗಿ ಮನೆಗೆ ಹೊಸದಾಗಿ ಬಂದವರು. ಸುತ್ತಲಿನ ಹಳ್ಳಿಗಳಿಂದ ಹುಬ್ಬಳ್ಳಿ-ಧಾರವಾಡಕ್ಕೆ ಮೊಸರು ಮಾರಲು ತರುವವರಿಗಂತೂ ಒಂದು ಗಡಿಗೆ ಕೆಟ್ಟರೆ ಒಂದು ದಿನದ ದುಡಿಮೆಯೇ ಹೋಯಿತು. ಧಾರವಾಡದಲ್ಲಿ ಕೋಣೆ ಹಿಡಿದು ಪರೀಕ್ಷೆಗೆ ಓದುವ ಹುಡುಗರಿಗೆ ರೊಟ್ಟಿಯ ಜೊತೆಗೆ ಬೇಕಾದ ಅರ್ಧ ಲೀಟರ್ ಮೊಸರು ಕೆಡುವುದೂ ಸಣ್ಣ ನಷ್ಟವಲ್ಲ. ಹಾಗಿದ್ದರೆ ತಪ್ಪು ಯಾರದು? ಇದನ್ನು ಮೊಸರನ್ನೇ ಕೇಳುವುದು ಮೇಲು. ಅದರ ವಾಸನೆ, ರುಚಿ, ಎಳೆ, ನೀರು, ಗುಳ್ಳೆ ಇವೆಲ್ಲ ಒಂದೊಂದು ಸಾಕ್ಷಿ.

ಹಾಲಿನಲ್ಲಿ ನೂರಕ್ಕೆ ಐದು ಭಾಗದಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಈ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಹಿತವಾದ ಬಿಸಿ ಸಿಕ್ಕರೆ ಒಂದು ಗಂಟೆಯೊಳಗೇ ಅವುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಒಂದು ಗ್ರಾಂ ಒಳ್ಳೆಯ ಮೊಸರಿನಲ್ಲಿ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಆಮ್ಲ ಹೆಚ್ಚಿದಂತೆ ಹಾಲಿನ ಪಿ.ಎಚ್. ಅಂಕ 6.6ರಿಂದ ಕೆಳಗಿಳಿಯುತ್ತ 4.6ರ ಹತ್ತಿರ ಬರುತ್ತದೆ. ಆಗ ಹಾಲಿನಲ್ಲಿ ತೇಲಾಡುತ್ತಿದ್ದ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆ ಹೆಣೆಯುತ್ತವೆ. ಕೊಬ್ಬು, ನೀರು ಎರಡೂ ಆ ಬಲೆಯಲ್ಲಿ ಸಿಕ್ಕಿಬೀಳುತ್ತವೆ. ಇದೇ ಮೊಸರು. ಹೀಗಾಗಿ ಮೊಸರು ಹಾಕುವುದೆಂದರೆ ಒಂದು ಬೆಳೆ ಬೆಳೆದಂತೆ. ಬೀಜ, ಹೊಲ, ಹವೆ, ಕಳೆ ನಾಲ್ಕೂ ಇಲ್ಲಿವೆ. ಬೆಳೆ ಕೆಟ್ಟರೆ ರೈತ ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿತೆಂದು ನೋಡುತ್ತಾನೆ.

ಹೀಗೆ ನೋಡುವುದನ್ನು ಜಗತ್ತಿಗೆ ಕಲಿಸಿದ ಘಟನೆ ನಡೆದದ್ದು ಹಾಲಿನ ಮನೆಯಲ್ಲಲ್ಲ, ಮದ್ಯಸಾರದ ಕಾರ್ಖಾನೆಯಲ್ಲಿ. 1856ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಬಿಗೋ ಎಂಬ ಉದ್ಯಮಿ ಬೀಟ್ ರಸವನ್ನು ಹುದುಗಿಸಿ ಮದ್ಯಸಾರ ತೆಗೆಯುತ್ತಿದ್ದ. ಕೆಲವು ತೊಟ್ಟಿಗಳು ಚೆನ್ನಾಗಿಯೇ ಹುದುಗುತ್ತಿದ್ದವು, ಕೆಲವು ಹುಳಿಯಾಗಿ ಹಾಳಾಗುತ್ತಿದ್ದವು. ಅವನ ಮಗ ಅಲ್ಲಿನ ವಿಜ್ಞಾನ ವಿಭಾಗದಲ್ಲಿ ಲೂಯಿ ಪಾಶ್ಚರ್ ಎಂಬ ಪ್ರಾಧ್ಯಾಪಕರ ವಿದ್ಯಾರ್ಥಿ. ಬಿಗೋ ಪ್ರಾಧ್ಯಾಪಕರ ನೆರವು ಕೇಳಿದ. ಪಾಶ್ಚರ್ ತೊಟ್ಟಿಗಳ ರಸವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಒಳ್ಳೆಯ ತೊಟ್ಟಿಯಲ್ಲಿ ದುಂಡಗಿನ ಯೀಸ್ಟ್ ಕಣಗಳಿದ್ದವು. ಕೆಟ್ಟ ತೊಟ್ಟಿಯಲ್ಲಿ ಇನ್ನೊಂದು ಬಗೆಯ, ಉದ್ದನೆಯ ಜೀವಿಗಳು ಸೇರಿಕೊಂಡಿದ್ದವು. ಮರುವರ್ಷ, 1857ರಲ್ಲಿ, ಹುಳಿಯುವ ಹಾಲಿನ ಬಗ್ಗೆ ಅವರು ತಮ್ಮ ಪ್ರಸಿದ್ಧ ಪ್ರಬಂಧವನ್ನು ಓದಿದರು. ಹುಳಿಯುವುದು ಕೂಡ ಒಂದು ಜೀವಿಯ ಕೆಲಸ ಎಂಬುದು ಅದರ ತಿರುಳು. ಬಿಗೋನ ತೊಟ್ಟಿಯನ್ನು ಕೆಡಿಸಿದ್ದು ಹಾಲನ್ನು ಹುಳಿಯಾಗಿಸುವ ಬಳಗವೇ. ಅವನಿಗೆ ಕಳೆಯಾದದ್ದು ಮೊಸರಿಗೆ ಬೆಳೆ! ವಿದ್ಯಾರ್ಥಿಯ ತಂದೆ ಒಂದು ಕೆಟ್ಟ ತೊಟ್ಟಿಯನ್ನು ಮೇಷ್ಟ್ರಿಗೆ ತೋರಿಸಿದ್ದರಿಂದ ಸೂಕ್ಷ್ಮಜೀವಿ ವಿಜ್ಞಾನದ ಒಂದು ದೊಡ್ಡ ಅಧ್ಯಾಯವೇ ತೆರೆದುಕೊಂಡಿತು.

ಈಗ ನಮ್ಮ ಬೋಗಾಣಿಗೆ ಬರೋಣ. ಮೊಸರು ಆಗಲೇ ಇಲ್ಲ ಎಂಬುದು ಮೊದಲ ದೂರು. ಇದರಲ್ಲಿ ಹೆಚ್ಚಿನ ಪ್ರಕರಣಗಳಿಗೆ ಹವೆಯೇ ಕಾರಣ. ಹಾಲು ಸುಮಾರು 40 ಡಿಗ್ರಿ ಸೆಲ್ಸಿಯಸ್, ಅಂದರೆ ಬೆರಳಿಗೆ ಬೆಚ್ಚಗೆ ತಾಗಿದರೂ ಸುಡದಷ್ಟು ಇದ್ದಾಗ ಹೆಪ್ಪು ಹಾಕಿ ಅದೇ ಬಿಸಿಯನ್ನು ಕಾಪಾಡಿದರೆ ಐದಾರು ಗಂಟೆಯಲ್ಲಿ ಮೊಸರಾಗುತ್ತದೆ. 30 ಡಿಗ್ರಿಯಲ್ಲಿ ಎಂಟು-ಹತ್ತು ಗಂಟೆ ಬೇಕು. ಜುಲೈ ತಿಂಗಳ ತಣ್ಣನೆಯ ಅಡುಗೆಮನೆಯಲ್ಲಿ ಹಾಲು ಬೇಗ ಆರಿಹೋಗುತ್ತದೆ, ಬ್ಯಾಕ್ಟೀರಿಯಗಳು ತೂಕಡಿಸುತ್ತವೆ. ಹಿರಿಯರು ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಧಾನ್ಯದ ಡಬ್ಬಿಯೊಳಗೆ ಇಡುತ್ತಿದ್ದುದು ಇದಕ್ಕೇ. ಧಾನ್ಯ ಬಿಸಿಯನ್ನು ಕೊಡುವುದಿಲ್ಲ, ಇರುವ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಇದರ ವಿರುದ್ಧದ ತಪ್ಪೂ ಉಂಟು. ಅವಸರದಲ್ಲಿ ಕುದಿ ಇಳಿದ ಹಾಲಿಗೇ ಹೆಪ್ಪು ಹಾಕಿದರೆ ಬೀಜವೇ ಬೆಂದುಹೋಗುತ್ತದೆ. ಬೆರಳು ಇಡಲಾಗದ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಗಳು ಬದುಕುವುದಿಲ್ಲ.

ಬಿಸಿ ಸರಿಯಾಗಿದೆ, ಹೆಪ್ಪು ತಾಜಾ ಇದೆ, ಆದರೂ ಹಾಲು ಹಾಲಾಗಿಯೇ ಉಳಿದಿದೆ ಎಂದಾದರೆ? ಇಲ್ಲಿ ಸ್ವಲ್ಪ ಗಂಭೀರವಾಗಿ ಯೋಚಿಸಬೇಕು. ಎಮ್ಮೆ ಅಥವಾ ಆಕಳಿಗೆ ಕೆಚ್ಚಲುಬಾವು ಆದಾಗ ಪೆನಿಸಿಲಿನ್‌ನಂಥ ಔಷಧ ಕೊಡುತ್ತಾರೆ. ಔಷಧ ಕೊಟ್ಟ ಮೇಲೆ ನಿಗದಿಯಾದಷ್ಟು ದಿನ ಆ ಹಾಲನ್ನು ಮಾರಬಾರದು. ಆ ಅವಧಿ ಎಷ್ಟೆಂಬುದು ಔಷಧದ ಚೀಟಿಯ ಮೇಲೇ ಇರುತ್ತದೆ, ಪಶುವೈದ್ಯರೂ ಹೇಳುತ್ತಾರೆ. ಆದರೆ ದಿನದ ಹಾಲಿನಿಂದಲೇ ದಿನ ನೂಕುವ ಮನೆಗೆ ನಾಲ್ಕು ದಿನದ ಹಾಲು ಚೆಲ್ಲುವುದು ಸುಲಭವಲ್ಲ. ಹಾಗೆ ಉಳಿದ ಅತ್ಯಲ್ಪ ಔಷಧವೂ ಮೊಸರಿನ ಬ್ಯಾಕ್ಟೀರಿಯಗಳನ್ನು ತಡೆಯಬಲ್ಲದು. ಕುದಿಸಿದರೆ ಅದು ಪೂರಾ ಹೋಗುವುದೂ ಇಲ್ಲ. ಪರೀಕ್ಷಿಸುವುದು ಸುಲಭ. ಅದೇ ಹೆಪ್ಪನ್ನು ಬೇರೆ ಕಡೆಯಿಂದ ತಂದ ಹಾಲಿಗೂ ಹಾಕಿ ಎರಡು ಬಟ್ಟಲನ್ನು ಪಕ್ಕಪಕ್ಕ ಇಡಿ. ಅದು ಮೊಸರಾಗಿ ಇದು ಆಗದಿದ್ದರೆ ಅನುಮಾನ ಹಾಲಿನ ಮೇಲೆಯೇ. ಹಾಲಿನವನ ಜೊತೆ ಜಗಳಕ್ಕಿಳಿಯುವ ಮೊದಲು ‘ದನಕ್ಕೆ ಏನಾದ್ರೂ ಔಷಧಿ ಮಾಡ್ಸೀರೇನು?’ ಎಂದು ಕೇಳಿದರೆ ಉತ್ತರ ಸಿಗುವ ಸಂಭವ ಹೆಚ್ಚು.

ಇನ್ನು ನೂಲು ಬರುವ ಮೊಸರು. ನೋಡಿದರೆ ಅಸಹ್ಯ ಹುಟ್ಟಿಸುವುದು ಇದೇ, ಆದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ನಿರಪರಾಧಿಯೂ ಇದೇ. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳ ಕೆಲವು ತಳಿಗಳು ಸಕ್ಕರೆಯ ಅಣುಗಳನ್ನು ಸರಪಳಿಯಂತೆ ಪೋಣಿಸಿ ತಮ್ಮ ಸುತ್ತ ಒಂದು ಲೋಳೆಯ ಹೊದಿಕೆ ಮಾಡಿಕೊಳ್ಳುತ್ತವೆ. ಆ ಸರಪಳಿಗಳೇ ಚಮಚದ ಹಿಂದೆ ಎಳೆಯಾಗಿ ಬರುತ್ತವೆ. ಇಂಥ ಹಲವು ತಳಿಗಳು ತಂಪಿನಲ್ಲಿ ಲೋಳೆಯನ್ನು ಹೆಚ್ಚು ಮಾಡುತ್ತವೆ. ಮಳೆಗಾಲದಲ್ಲಿ ಈ ದೂರು ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಫಿನ್ಲೆಂಡಿನ ಜನ ‘ವೀಲಿ’ ಎಂಬ ನೂಲು ಬರುವ ಮೊಸರನ್ನು ಬೇಕೆಂದೇ ಮಾಡಿ ಇಷ್ಟಪಟ್ಟು ತಿನ್ನುತ್ತಾರೆ. ನಮಗೆ ಅದು ರುಚಿಸದಿದ್ದರೆ ಮಾಡಬೇಕಾದದ್ದು ಎರಡೇ ಕೆಲಸ: ಹೆಪ್ಪನ್ನು ಬದಲಾಯಿಸುವುದು, ಸ್ವಲ್ಪ ಹೆಚ್ಚು ಬೆಚ್ಚಗೆ ಇಡುವುದು. ಅದೇ ಮೊಸರಿನಿಂದ ಮತ್ತೆ ಹೆಪ್ಪು ತೆಗೆದರೆ ನಾಳೆಯೂ ನೂಲು ಖಂಡಿತ. ನೂಲಿನ ಜೊತೆಗೆ ಕೆಟ್ಟ ವಾಸನೆಯೂ ಇದ್ದರೆ ಮಾತ್ರ ಈ ರಿಯಾಯಿತಿ ಇಲ್ಲ. ಲೋಳೆ ಮಾಡುವ ಬೇರೆ ಬ್ಯಾಕ್ಟೀರಿಯಗಳೂ ಇವೆ, ಅವು ತೊಳೆಯದ ಪಾತ್ರೆ, ಕೊಳಕು ನೀರಿನಿಂದ ಬರುತ್ತವೆ. ಅಂಥದ್ದನ್ನು ಚೆಲ್ಲುವುದೇ ಸರಿ.

ಕಹಿಯಾದ ಮೊಸರಿನ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಹಾಲನ್ನು ಚೆನ್ನಾಗಿ ಕುದಿಸಿಯೇ ಹೆಪ್ಪು ಹಾಕಿದ್ದೇವೆ, ಆದರೂ ಕಹಿ ಎಲ್ಲಿಂದ? ಹಸಿ ಹಾಲನ್ನು ಕುದಿಸದೆ ಫ್ರಿಜ್‌ನಲ್ಲಿ ದಿನಗಟ್ಟಲೆ ಇಟ್ಟರೆ ತಂಪಿನಲ್ಲೂ ಬೆಳೆಯಬಲ್ಲ ಕೆಲವು ಬ್ಯಾಕ್ಟೀರಿಯಗಳು ಅಷ್ಟರಲ್ಲಿ ಸಂಸಾರ ಹೂಡಿರುತ್ತವೆ. ಅವು ಪ್ರೋಟೀನನ್ನು ತುಂಡರಿಸುವ, ಕೊಬ್ಬನ್ನು ಒಡೆಯುವ ಕಿಣ್ವಗಳನ್ನು ಹಾಲಿಗೆ ಬಿಡುತ್ತವೆ. ಆಮೇಲೆ ಕುದಿಸಿದಾಗ ಬ್ಯಾಕ್ಟೀರಿಯಗಳು ಸಾಯುತ್ತವೆ, ಅವುಗಳ ಕಿಣ್ವಗಳಲ್ಲಿ ಕೆಲವು ಉಳಿದುಬಿಡುತ್ತವೆ. ಕಳ್ಳ ಸತ್ತರೂ ಅವನ ಕತ್ತರಿ ಕತ್ತರಿಸುತ್ತಲೇ ಇರುತ್ತದೆ! ತುಂಡಾದ ಪ್ರೋಟೀನಿನ ಚೂರುಗಳು ನಾಲಿಗೆಗೆ ಕಹಿ, ಒಡೆದ ಕೊಬ್ಬು ಮೂಗಿಗೆ ಕಮಟು. ಆದ್ದರಿಂದ ಕಹಿ-ಕಮಟು ಮೊಸರು ಕಂಡರೆ ಹೆಪ್ಪನ್ನು ಬಯ್ಯಬೇಡಿ, ಹಾಲು ಕುದಿಯುವ ಮೊದಲು ಎಷ್ಟು ಹೊತ್ತು ಕಾದಿತ್ತು ಎಂದು ಲೆಕ್ಕ ಹಾಕಿ. ಹಾಲು ಮನೆಗೆ ಬಂದ ಕೂಡಲೇ ಕಾಯಿಸುವ ಹಳೆಯ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ನೀರು ಬಿಟ್ಟ, ತೆಳ್ಳಗಿನ ಮೊಸರಿಗೆ ಹಾಲಿನವನೇ ಹೊಣೆ ಎಂಬುದು ಸಾಮಾನ್ಯ ನಂಬಿಕೆ. ಕೆಲವು ಸಲ ನಿಜವೂ ಹೌದು. ಆದರೆ ಪ್ಯಾಕೆಟ್ ಹಾಲಿನ ಮೇಲೆ ಬರೆದ ಅಂಕೆಗಳನ್ನು ಓದುವವರು ಕಡಿಮೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಕೊಬ್ಬಿಲ್ಲದ ಘನಾಂಶ 8.5. ಕೆನೆಭರಿತ ಹಾಲಿನಲ್ಲಿ ಇವು 6 ಮತ್ತು 9. ಎಮ್ಮೆಯ ಹಾಲಿನಲ್ಲಿ ಕೊಬ್ಬು 6ರಿಂದ 8ರವರೆಗೂ ಇರುತ್ತದೆ, ಪ್ರೋಟೀನೂ ಆಕಳ ಹಾಲಿಗಿಂತ ಹೆಚ್ಚು. ಇಲ್ಲಿನ ಎಮ್ಮೆಗೆ ‘ಧಾರವಾಡಿ’ ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಅದರ ಹಾಲಿನ ಗಟ್ಟಿ ಮೊಸರು ಉಂಡು ಬೆಳೆದ ಅಜ್ಜನಿಗೆ ಪ್ಯಾಕೆಟ್ ಹಾಲಿನ ಮೊಸರು ಮಜ್ಜಿಗೆಯಂತೆ ಕಂಡರೆ ತಪ್ಪು ಅಜ್ಜನದೂ ಅಲ್ಲ, ಸೊಸೆಯದೂ ಅಲ್ಲ. ಅದೇ ಹಾಲನ್ನು ಒಂದು ಕುದಿಗೇ ಇಳಿಸದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಒಂದಿಷ್ಟು ನೀರು ಆವಿಯಾಗುವುದು ಒಂದು ಕಾರಣ. ಇನ್ನೊಂದು, ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಬಿಸಿಗೆ ಬಿಚ್ಚಿಕೊಂಡು ಕೇಸಿನ್‌ಗೆ ಅಂಟಿಕೊಂಡು ಬಲೆಯ ಕಣ್ಣನ್ನು ಕಿರಿದಾಗಿಸುತ್ತವೆ, ನೀರು ಸೋರುವುದು ತಗ್ಗುತ್ತದೆ. ಅರ್ಧ ಹೆಪ್ಪಾದಾಗ ‘ಆಗೈತೇನು ನೋಡೋಣ’ ಎಂದು ಪಾತ್ರೆ ಅಲ್ಲಾಡಿಸಿದರೆ ಮಾತ್ರ ಈ ಬಲೆ ಹರಿದು ನೀರು ಮೇಲೆ ನಿಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಕಾರಣವನ್ನು ಮೊದಲು ವಿಚಾರಿಸಬೇಕು.

ಹಿತ್ತಾಳೆ ಪಾತ್ರೆಯ ಕಿಲುಬು ಎಲ್ಲರಿಗೂ ಗೊತ್ತು. ಕಲಾಯಿ ಹೋದ ಕಡೆ ಹುಳಿ ತಾಮ್ರವನ್ನು ಕರಗಿಸುತ್ತದೆ, ಆ ಮೊಸರನ್ನು ತಿನ್ನಬಾರದು. ಈಗ ಸ್ಟೀಲ್ ಪಾತ್ರೆ ಬಂದ ಮೇಲೆ ಈ ದೂರು ಅಪರೂಪ.

ಗುಳ್ಳೆ ಎದ್ದ ಮೊಸರನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಒಳ್ಳೆಯ ಮೊಸರಿನ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಆಮ್ಲವನ್ನಷ್ಟೇ ಮಾಡುತ್ತವೆ, ಗಾಳಿ ಬಿಡುವುದು ಕಡಿಮೆ. ಮೊಸರು ಉಬ್ಬಿ, ಒಳಗೆ ರಂಧ್ರ ಬಿದ್ದು, ಬ್ರೆಡ್ಡಿನ ಅಥವಾ ಹೆಂಡದ ವಾಸನೆ ಬಂದರೆ ಯೀಸ್ಟ್ ಸೇರಿದೆ ಎಂದರ್ಥ. ದೋಸೆ ಹಿಟ್ಟಿಗೆ ಬಳಸಿದ ಸೌಟನ್ನೇ ಮೊಸರಿಗೂ ಹಾಕಿದಾಗ ಹೀಗಾಗುವುದುಂಟು. ಗುಳ್ಳೆಯ ಜೊತೆ ಕೊಟ್ಟಿಗೆಯ ಅಥವಾ ಕೊಳೆತ ವಾಸನೆ ಇದ್ದರೆ ಅದು ಕೊಳಕು ನೀರು, ಕೊಳಕು ಕೈಯಿಂದ ಬಂದ ಬ್ಯಾಕ್ಟೀರಿಯಗಳ ಗುರುತು. ಅದರ ರುಚಿ ನೋಡಲೂ ಹೋಗಬಾರದು. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನುವ ಉಳಿತಾಯವೂ ಬೇಡ. ಬರೀ ಹುಳಿ ಹೆಚ್ಚಾದ ಮೊಸರು ಇದಕ್ಕೆ ಸೇರುವುದಿಲ್ಲ. ಅದು ಕೆಟ್ಟದ್ದಲ್ಲ, ಹೊತ್ತು ಮೀರಿದ್ದು. ಮಜ್ಜಿಗೆ ಸಾರಿಗೆ ಅದೇ ಬೇಕು.

ವಾಸನೆಯ ವಿಷಯದಲ್ಲಿ ಬಿಯರ್ ತಯಾರಕರಿಂದ ಒಂದು ಮಾತು ಕಲಿಯುವಂಥದ್ದಿದೆ. ಮಾರ್ಟನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1979ರಲ್ಲಿ ಬಿಯರಿನ ರುಚಿ-ವಾಸನೆಗಳಿಗೆಲ್ಲ ಹೆಸರಿಟ್ಟು ಒಂದು ಚಕ್ರದಲ್ಲಿ ಜೋಡಿಸಿದರು. ‘ಚೆನ್ನಾಗಿಲ್ಲ’ ಎನ್ನುವುದರಿಂದ ದೋಷ ಪತ್ತೆಯಾಗುವುದಿಲ್ಲ, ಯಾವ ಬಗೆಯಲ್ಲಿ ಚೆನ್ನಾಗಿಲ್ಲ ಎಂದು ಹೇಳಬೇಕು ಎಂಬುದು ಅವರ ಉದ್ದೇಶ. ಆ ಚಕ್ರದಲ್ಲಿ ಬೆಣ್ಣೆಯ ವಾಸನೆಯ ಡೈಅಸಿಟೈಲ್ ಇದೆ, ಕಾಯಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಇದೆ. ಸಾಮಾನ್ಯವಾಗಿ ಬಿಯರಿನಲ್ಲಿ ಇವೆರಡೂ ದೋಷ. ಮೊಸರಿನಲ್ಲೋ? ತಾಜಾ ಮೊಸರಿನ, ಬೆಣ್ಣೆಯ ಪರಿಮಳವೆಂದು ನಾವು ಮೂಗರಳಿಸುವುದೇ ಇವಕ್ಕೆ! ವಾಸನೆಗೆ ಹೆಸರಿಡುವುದರಲ್ಲಿ ಕನ್ನಡವೇನೂ ಬಡವಾಗಿಲ್ಲ. ಕಮಟು, ಮುಗ್ಗು, ಹಳಸು, ಕಿಲುಬು, ಒಗರು, ಸೀದದ್ದು – ಅಡುಗೆಮನೆಯ ಈ ಒಂದೊಂದು ಶಬ್ದವೂ ಒಂದೊಂದು ಕಾರಣದತ್ತ ಬೆರಳು ತೋರಿಸುತ್ತದೆ. ಪಟ್ಟಣದ ಮಕ್ಕಳ ಬಾಯಲ್ಲಿ ಇವೆಲ್ಲ ಒಂದೇ ‘ಬ್ಯಾಡ್ ಸ್ಮೆಲ್’ ಆಗಿರುವುದು ಭಾಷೆಗೆ ನಷ್ಟ. ವಿಜ್ಞಾನಕ್ಕೂ ನಷ್ಟವೇ.

ಬೀಜದ ಮಾತೊಂದು ಉಳಿಯಿತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ಕೆಟ್ಟ ರುಚಿಯ ಕಾಟ ಕಾಣಿಸಿಕೊಂಡಾಗ ಅಲ್ಲಿನ ಪ್ರಯೋಗಾಲಯದ ಎಮಿಲ್ ಹ್ಯಾನ್ಸೆನ್ ಹುದುಗಿನಲ್ಲಿ ಕಾಡು ಯೀಸ್ಟ್ ಬೆರೆತಿರುವುದನ್ನು ಕಂಡರು. 1883ರಲ್ಲಿ ಅವರು ಒಂದೇ ಒಂದು ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದರು. ಕಾರ್ಖಾನೆ ಆ ಶುದ್ಧ ಬೀಜವನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಹಂಚಿತು. ನಮ್ಮ ಓಣಿಗಳಲ್ಲಿ ಹೆಪ್ಪು ಕೆಟ್ಟಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದೂ ಇದೇ ವ್ಯವಹಾರ. ಹೆಪ್ಪೇ ಸಿಗದಾಗ ಮೆಣಸಿನಕಾಯಿಯ ತೊಟ್ಟನ್ನು ಬೆಚ್ಚನೆಯ ಹಾಲಿಗೆ ಹಾಕುವ ಉಪಾಯವೂ ಉಂಟು. ತೊಟ್ಟಿನ ಮೇಲೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿರುತ್ತವೆ. ಆದರೆ ಅವುಗಳ ಜೊತೆ ಬೇರೆಯವೂ ಇರುವುದರಿಂದ ಮೊದಲ ಸಲದ ಮೊಸರು ಅಷ್ಟಕ್ಕಷ್ಟೇ. ಅದನ್ನು ಉಣ್ಣದೆ ಮುಂದಿನ ಹೆಪ್ಪಿಗೆ ಬಳಸುತ್ತ ಎರಡು-ಮೂರು ಸಲ ದಾಟಿಸಿದರೆ ಹುಳಿಯನ್ನು ತಾಳಿಕೊಳ್ಳುವವು ಉಳಿಯುತ್ತವೆ, ಉಳಿದವು ಹಿಂದೆ ಬೀಳುತ್ತವೆ.

ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಿಕ್ಕಿಲ್ಲ. ಅರ್ಧ ಲೀಟರ್ ಹಾಲು, ನಾಲ್ಕು ಬಟ್ಟಲು, ಒಂದು ನೋಟುಬುಕ್ಕು ಸಾಕು. ಹಾಲು ಒಂದೇ, ಹೆಪ್ಪು ಒಂದೇ ಚಮಚದ ಅಳತೆ. ಮೊದಲ ಬಟ್ಟಲನ್ನು ಬಟ್ಟೆ ಸುತ್ತಿ ಬೆಚ್ಚಗಿಡಿ, ಎರಡನೆಯದನ್ನು ಹಾಗೇ ಕಟ್ಟೆಯ ಮೇಲೆ, ಮೂರನೆಯದನ್ನು ಫ್ರಿಜ್‌ನಲ್ಲಿ. ನಾಲ್ಕನೆಯದಕ್ಕೆ ಹಾಲು ತೀರ ಬಿಸಿಯಿದ್ದಾಗಲೇ ಹೆಪ್ಪು ಹಾಕಿ ಮೊದಲನೆಯದರ ಹಾಗೆಯೇ ಬಟ್ಟೆ ಸುತ್ತಿಡಿ. ಪ್ರತಿ ಬಟ್ಟಲಿನಲ್ಲೂ ಬದಲಾದದ್ದು ಒಂದೇ ಸಂಗತಿ ಎಂಬುದನ್ನು ಗಮನಿಸಿ. ಹಾಲು, ಹೆಪ್ಪು, ಪಾತ್ರೆ ಮೂರನ್ನೂ ಒಟ್ಟಿಗೇ ಬದಲಾಯಿಸಿದರೆ ಮೊಸರು ಸರಿಹೋದರೂ ಏಕೆ ಹೋಯಿತೆಂದು ತಿಳಿಯುವುದಿಲ್ಲ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಹುಳಿಯನ್ನು ತೋರಿಸುವ ದ್ರವವೂ ಸಿದ್ಧ. ಮೊಸರಿನ ತಿಳಿನೀರು ಬಿದ್ದರೆ ಅದು ಕೆಂಪೇರುತ್ತದೆ, ಸೋಡಾ ಬಿದ್ದರೆ ಹಸಿರಾಗುತ್ತದೆ.

ಗೆದ್ದ ಬಟ್ಟಲಿನಿಂದ ನಾಳೆಯ ಹೆಪ್ಪನ್ನು ಊಟಕ್ಕೆ ಬಡಿಸುವ ಮೊದಲೇ, ಒಣಗಿದ ಶುಭ್ರ ಚಮಚದಿಂದ, ಸಣ್ಣ ಮುಚ್ಚಳದ ಡಬ್ಬಿಗೆ ತೆಗೆದಿಡಬೇಕು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನೇ ಹೆಪ್ಪಿಗಿಡುವ ಮನೆಗಳಲ್ಲಿ ಅದರೊಂದಿಗೆ ರೊಟ್ಟಿಯ ಚೂರು, ಚಟ್ನಿಪುಡಿ, ಎಂಜಲು ಚಮಚ ಎಲ್ಲವೂ ಮರುದಿನದ ಹಾಲಿಗೆ ಬರುತ್ತವೆ.